ಗೆರೆ ಎಳೆಯುವವರ ಹೊಣೆ

ಮುಂದೇನಾಗುವುದೆಂದು ತಿಳಿದುಕೊಳ್ಳುವ ಹಂಬಲ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಪಂಚಾಂಗ ತೆರೆಯುವವರು, ಶಕುನ ಕೇಳುವವರು, ಗಿಳಿಶಾಸ್ತ್ರದವನ ಮುಂದೆ ಕೂಡುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಾಲ್ಕಕ್ಷರ ಕಲಿತ ನಾವು ಅವರನ್ನು ಕಂಡು ನಗುತ್ತೇವೆ. ಆದರೆ ನಾವೂ ಬೆಳಗಿನಿಂದ ಸಂಜೆಯವರೆಗೆ ಭವಿಷ್ಯ ನುಡಿಯುತ್ತಲೇ ಇರುತ್ತೇವೆ. ಈರುಳ್ಳಿಯ ಬೆಲೆ ಮೂರು ವಾರ ಏರಿದರೆ ‘ಇದು ಇನ್ನು ಇಳಿಯುವ ಮಾತಿಲ್ಲ’ ಎನ್ನುತ್ತೇವೆ. ಮಗನ ಅಂಕ ಎರಡು ಪರೀಕ್ಷೆಗಳಲ್ಲಿ ತಗ್ಗಿದರೆ ‘ಇವನ ಹಣೆಬರಹ ಇಷ್ಟೇ’ ಎನ್ನುತ್ತೇವೆ. ಸಂಘದ ವಾರ್ಷಿಕ ಸಭೆಗೆ ಹೋದ ವರ್ಷಕ್ಕಿಂತ ಹತ್ತು ಜನ ಕಡಿಮೆ ಬಂದರೆ ‘ಮುಂಬಯಿಯಲ್ಲಿ ಕನ್ನಡ ಇನ್ನೊಂದು ತಲೆಮಾರು’ ಎಂದು ತೀರ್ಪು ಕೊಟ್ಟು ಚಹಾ ಕುಡಿಯುತ್ತೇವೆ. ಗಿಳಿಯ ಕೊಕ್ಕಿನಲ್ಲಿ ಕಾರ್ಡು ಇದ್ದರೆ ನಮ್ಮ ಕೈಯಲ್ಲಿ ಅಂಕಿಗಳಿವೆ. ವ್ಯತ್ಯಾಸ ಅಷ್ಟೇ ಏನೋ ಎಂದು ಒಮ್ಮೊಮ್ಮೆ ಅನಿಸುವುದುಂಟು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕಾಲಕ್ರಮದಲ್ಲಿ ಒಂದರ ಹಿಂದೆ ಒಂದರಂತೆ ಬಂದ ಅಂಕಿಗಳನ್ನು ನೋಡಿ, ಅವುಗಳ ಓಟ ಯಾವ ಕಡೆಗಿದೆ ಎಂದು ಗುರುತಿಸುವ ಶಕ್ತಿ ನಮ್ಮ ಕಣ್ಣಿಗೂ ಬುದ್ಧಿಗೂ ಎಷ್ಟಿದೆ? ಇದು ವಿಜ್ಞಾನದ ಪ್ರಶ್ನೆ. ನಾವು ಹಾಗೆ ನುಡಿದ ಮಾತು ತಪ್ಪಾದರೆ, ಅಥವಾ ಸರಿಯಾದರೂ ಸಹ, ಅದರ ಫಲವನ್ನು ಉಣ್ಣುವವರು ಯಾರು? ಇದು ಧರ್ಮದ ಪ್ರಶ್ನೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ವಿಚಾರಿಸಲು ಬಾರದು. ಆದ್ದರಿಂದ ಮೊದಲು ಅಂಕಿಗಳ ಕಡೆಗೇ ನೋಡೋಣ.

ಬೇರೆಲ್ಲಿಗೂ ಹೋಗುವುದು ಬೇಡ, ನಮ್ಮ ಮುಂಬಯಿಯ ಜನಗಣತಿಯನ್ನೇ ತೆಗೆದುಕೊಳ್ಳೋಣ. ಈಗಿನ ಬೃಹನ್ಮುಂಬಯಿಯ ಮೇರೆಯೊಳಗೆ 1951ರಲ್ಲಿ ಸುಮಾರು 30 ಲಕ್ಷ ಜನರಿದ್ದರು. 1961ರಲ್ಲಿ ಅದು 41.5 ಲಕ್ಷವಾಯಿತು, 1971ರಲ್ಲಿ 59.7 ಲಕ್ಷ, 1981ರಲ್ಲಿ 82.4 ಲಕ್ಷ. ಪ್ರತಿ ಹತ್ತು ವರ್ಷಕ್ಕೆ ಹೆಚ್ಚು ಕಡಿಮೆ ಶೇಕಡಾ 40ರಷ್ಟು ಏರಿಕೆ. 1981ರಲ್ಲಿ ಈ ನಾಲ್ಕು ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿ, ಸ್ಕೇಲು ಹಿಡಿದು ಮುಂದಿನ ಗೆರೆ ಎಳೆಯಿರಿ ಎಂದಿದ್ದರೆ ಯಾರಾದರೂ ಏನು ಮಾಡುತ್ತಿದ್ದರು? ಅದೇ ಶೇಕಡಾ 40ನ್ನು ಮುಂದುವರಿಸಿದರೆ 1991ಕ್ಕೆ 115 ಲಕ್ಷ, 2001ಕ್ಕೆ 161 ಲಕ್ಷ, 2011ಕ್ಕೆ 226 ಲಕ್ಷ. ಕುರ್ಲಾ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡ ಯಾರಿಗೂ ಈ ಲೆಕ್ಕದಲ್ಲಿ ಸಂಶಯ ಬರುತ್ತಿರಲಿಲ್ಲ.

ಆದದ್ದು ಬೇರೆ. 1991ರಲ್ಲಿ 99 ಲಕ್ಷ, 2001ರಲ್ಲಿ ಸುಮಾರು 120 ಲಕ್ಷ, 2011ರಲ್ಲಿ 124 ಲಕ್ಷ. ಕೊನೆಯ ಹತ್ತು ವರ್ಷಗಳಲ್ಲಿ ಏರಿಕೆ ಶೇಕಡಾ 4ನ್ನೂ ಮುಟ್ಟಲಿಲ್ಲ. ಕೋಟೆ, ಗಿರಗಾಂವ, ಪರೇಲ, ದಾದರ, ಮಾಟುಂಗಾಗಳನ್ನೊಳಗೊಂಡ ಮುಂಬಯಿ ನಗರ ಜಿಲ್ಲೆಯಲ್ಲಂತೂ ಜನಸಂಖ್ಯೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿದೇಬಿಟ್ಟಿತು. ಸಾಮಾನ್ಯರ ಕಣ್ಣಳತೆ ಮಾತ್ರ ತಪ್ಪಿತೆಂದಲ್ಲ. ವಿಶ್ವಸಂಸ್ಥೆಯ ತಜ್ಞರೂ 1994ರ ತಮ್ಮ ಅಂದಾಜಿನಲ್ಲಿ ಸುತ್ತಲಿನ ಊರುಗಳೂ ಸೇರಿದ ಮುಂಬಯಿ ಮಹಾನಗರದಲ್ಲಿ 2015ಕ್ಕೆ 274 ಲಕ್ಷ ಜನರಿರುತ್ತಾರೆಂದು ಹೇಳಿದ್ದರು. ಆ ವರ್ಷ ಬಂದಾಗ ಅದೇ ಸಂಸ್ಥೆಯ ಲೆಕ್ಕ 2 ಕೋಟಿಯ ಆಸುಪಾಸಿನಲ್ಲಿ ನಿಂತಿತು.

ಜನ ಎಲ್ಲಿ ಹೋದರು? ಗಿರಣಿಗಳು ಮುಚ್ಚಿದವು; ಮನೆ ಬಾಡಿಗೆ ಕೈಗೆ ಎಟುಕದಾಯಿತು; ಹೆರಿಗೆಗಳು ಕಡಿಮೆಯಾದವು; ಚಾಳಿನ ಖೋಲಿ ಬಿಟ್ಟವರು ಡೊಂಬಿವಿಲಿ, ಕಲ್ಯಾಣ, ವಸಯಿ, ನವಿಮುಂಬಯಿಗಳಲ್ಲಿ ಮನೆ ಮಾಡಿದರು. 2001ರಲ್ಲಿ 81 ಲಕ್ಷವಿದ್ದ ಠಾಣೆ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 110 ಲಕ್ಷ ದಾಟಿತ್ತು. ಎಂದರೆ ಮುಂಬಯಿಯ ಗೆರೆ ಮುರಿದು ಬೀಳಲಿಲ್ಲ, ಅದರ ಬಹುಭಾಗ ಖಾಡಿ ದಾಟಿ ಪಕ್ಕದ ಜಿಲ್ಲೆಯ ತಃಖ್ತೆಗೆ ಸೇರಿತು. ಸ್ಕೇಲು ಹಿಡಿದವನಿಗೆ ಕಾಗದದ ಮೇಲಿನ ಚುಕ್ಕಿ ಕಾಣುತ್ತದೆಯೇ ಹೊರತು, ಚುಕ್ಕಿಯೊಳಗಿನ ಮನುಷ್ಯ ಗಂಟುಮೂಟೆ ಕಟ್ಟುತ್ತಿರುವುದು ಕಾಣುವುದಿಲ್ಲ.

ಇಷ್ಟರಿಂದ ‘ಮನುಷ್ಯ ಯಾವಾಗಲೂ ಅತಿಯಾಗಿ ಊಹಿಸುತ್ತಾನೆ’ ಎಂಬ ತೀರ್ಮಾನಕ್ಕೆ ಬಂದರೆ ಅದೂ ಅವಸರವಾದೀತು. 1975ರಲ್ಲಿ ವಾಗೆನಾರ್ ಎಂಬ ಡಚ್ ಮನೋವಿಜ್ಞಾನಿ ಸಗಾರಿಯಾ ಎಂಬ ಸಹೋದ್ಯೋಗಿಯೊಡನೆ ಒಂದು ಪ್ರಯೋಗದ ವಿವರ ಪ್ರಕಟಿಸಿದರು. 3, 7, 20, 55, 148 — ಹೀಗೆ ಐದು ವರ್ಷಗಳ ಮಾಲಿನ್ಯದ ಸೂಚ್ಯಂಕವನ್ನು ಜನರಿಗೆ ತೋರಿಸಿ, ಇದೇ ರೀತಿ ಬೆಳೆದರೆ ಇನ್ನೈದು ವರ್ಷಕ್ಕೆ ಎಷ್ಟಾದೀತೆಂದು ಕೇಳಿದರು. ಪ್ರತಿ ವರ್ಷ ಸುಮಾರು ಎರಡು ಮುಕ್ಕಾಲು ಪಟ್ಟು ಆಗುತ್ತಿರುವ ಈ ಅಂಕಿ ಐದು ವರ್ಷಗಳಲ್ಲಿ ಇಪ್ಪತ್ತು ಸಾವಿರವನ್ನು ದಾಟುತ್ತದೆ. ಉತ್ತರಿಸಿದವರಲ್ಲಿ ಹೆಚ್ಚಿನವರ ಊಹೆ ಅದರ ಹತ್ತನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ಕೂಡಿಸಿ ಬೆಳೆಯುವುದನ್ನು ನಮ್ಮ ಮನಸ್ಸು ಬಲ್ಲದು. ಗುಣಿಸಿ ಬೆಳೆಯುವುದು ಅದರ ಅಳವಿಗೆ ಸಿಕ್ಕದು. ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬೇಡಿದವನಿಗೆ ‘ಇಷ್ಟೇ ತಾನೆ’ ಎಂದು ಒಪ್ಪಿ ಕಣಜ ಬರಿದು ಮಾಡಿಕೊಂಡ ರಾಜನ ಕಥೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳುತ್ತ ಬಂದಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಆ ಕಥೆ ನಮ್ಮ ಓಣಿಗೇ ಬಂತು. ಮುಂಬಯಿಯಲ್ಲಿ ಕೊರೋನಾ ರೋಗಿಗಳು ಬೆರಳೆಣಿಕೆಯಲ್ಲಿದ್ದಾಗ ‘ಕೋಟಿ ಜನರ ಊರಿನಲ್ಲಿ ಹತ್ತು ಜನರಿಗೆ ಬಂದರೆ ಏನು ಮಹಾ’ ಎಂದವರು ಕಡಿಮೆಯಿರಲಿಲ್ಲ. ನೂರು ಜನರಿರುವ ರೋಗ ಮೂರು ದಿನಕ್ಕೊಮ್ಮೆ ಇಮ್ಮಡಿಸಿದರೆ ಮೂವತ್ತನೆಯ ದಿನ ಒಂದು ಲಕ್ಷ ಎರಡು ಸಾವಿರದ ನಾನೂರು ಜನರಾಗುತ್ತಾರೆ. ಈ ಗುಣಾಕಾರ ಮಾಡಲು ಪ್ರಾಥಮಿಕ ಶಾಲೆಯ ಮಗ್ಗಿ ಸಾಕು. ಆದರೂ ಮೊದಲ ವಾರಗಳಲ್ಲಿ ಅದನ್ನು ಮನಸ್ಸು ಒಪ್ಪಿಕೊಳ್ಳಲಿಲ್ಲ.

ಹಾಗಾದರೆ ಒಂದು ಕಡೆ ಏರಿಕೆಯನ್ನು ಹಿಗ್ಗಿಸುತ್ತೇವೆ, ಇನ್ನೊಂದು ಕಡೆ ಕುಗ್ಗಿಸುತ್ತೇವೆ. ಇದೇನು ವಿಚಿತ್ರ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನೈಜೆಲ್ ಹಾರ್ವೆ ಮೊದಲಾದವರು ಈ ವಿಷಯವನ್ನು ಬಹುಕಾಲ ಪರಿಶೀಲಿಸಿದ್ದಾರೆ. ಏರುತ್ತಿರುವ ಚುಕ್ಕಿಗಳ ಸಾಲನ್ನು ತೋರಿಸಿ ಮುಂದಿನದನ್ನು ಗುರುತಿಸಲು ಹೇಳಿದರೆ ಸಾಮಾನ್ಯವಾಗಿ ಜನ ಗೆರೆಗಿಂತ ಕೆಳಗೇ ಗುರುತು ಹಾಕುತ್ತಾರೆ. ಇಳಿಯುತ್ತಿದ್ದರೆ ಮೇಲೆ ಹಾಕುತ್ತಾರೆ. ‘ಏರಿದ್ದು ಇಳಿಯಲೇಬೇಕು, ಇಳಿದದ್ದು ಏರಲೇಬೇಕು’ ಎಂಬ ಲೋಕಾನುಭವ ಅವರ ಕೈ ಹಿಡಿದು ಎಳೆಯುತ್ತದೆ. ಇನ್ನೊಂದು ಮೋಜಿನ ಸಂಗತಿಯೂ ಕಂಡುಬಂದಿದೆ. ಹಿಂದಿನ ಚುಕ್ಕಿಗಳು ಹೊಯ್ದಾಡುತ್ತಿದ್ದರೆ, ಜನ ತಮ್ಮ ಊಹೆಯ ಚುಕ್ಕಿಗಳನ್ನೂ ಹಾಗೆಯೇ ಹೊಯ್ದಾಡಿಸುತ್ತಾರೆ. ಆಕಸ್ಮಿಕವನ್ನು ಊಹಿಸಲು ಸಾಧ್ಯವಿಲ್ಲ, ಅದನ್ನು ಬಿಟ್ಟು ನಡುವಿನ ಗೆರೆ ಎಳೆಯುವುದೇ ಲೇಸೆಂದು ಅವರಿಗೆ ಹೊಳೆಯುವುದಿಲ್ಲ. ಊಹೆ ನಿಜದ ಹಾಗೆ ಕಂಡರೆ ಅದೇ ನಿಜವೆಂಬ ಭ್ರಮೆ.

ಹೀಗೆ ತಗ್ಗಿಸಿ ಊಹಿಸುವ ಸ್ವಭಾವ ಪೂರಾ ದೋಷವೇ ಎಂದರೆ ಅಲ್ಲ. 1982ರಲ್ಲಿ ಮಕ್ರಿಡಾಕಿಸ್ ಎಂಬ ವಿದ್ವಾಂಸರು ಉದ್ಯಮ, ವ್ಯಾಪಾರ, ಜನಸಂಖ್ಯೆ ಮುಂತಾದ 1001 ಅಂಕಿಸಾಲುಗಳನ್ನು ತೆಗೆದುಕೊಂಡು ಬಗೆಬಗೆಯ ಗಣಿತವಿಧಾನಗಳ ನಡುವೆ ಒಂದು ಪಂದ್ಯವನ್ನೇ ಏರ್ಪಡಿಸಿದರು. ದೊಡ್ಡ ದೊಡ್ಡ ಸಮೀಕರಣಗಳು ಸರಳ ವಿಧಾನಗಳಿಗಿಂತ ಹೆಚ್ಚೇನೂ ಗೆಲ್ಲಲಿಲ್ಲ. ಅನಂತರದ ವರ್ಷಗಳಲ್ಲಿ, ಏರಿಕೆಯನ್ನು ಮುಂದೆ ಮುಂದೆ ಹೋದಂತೆ ಸ್ವಲ್ಪ ಸ್ವಲ್ಪ ತಗ್ಗಿಸಿಕೊಂಡು ಹೋಗುವ ವಿಧಾನವೇ ಅನೇಕ ಕಡೆ ಚೆನ್ನಾಗಿ ಕೆಲಸ ಮಾಡಿದ್ದೂ ಕಂಡಿತು. ಲೋಕದಲ್ಲಿ ಯಾವ ಮರವೂ ಆಕಾಶ ಮುಟ್ಟುವುದಿಲ್ಲ. ಅಜ್ಜಿಯ ಲೋಕಾನುಭವಕ್ಕೆ ಗಣಿತದ ಬೆಂಬಲ ಸಿಕ್ಕಿತೆನ್ನೋಣ.

ಆದರೆ ಅಜ್ಜಿಯ ಅನುಭವ ಊರಿನ ಜನಸಂಖ್ಯೆಗೆ ಹೊಂದುತ್ತದೆ, ರೋಗದ ಮೊದಲ ವಾರಕ್ಕೆ ಹೊಂದುವುದಿಲ್ಲ. ಎರಡಕ್ಕೂ ಚುಕ್ಕಿಗಳು ಒಂದೇ ಥರ ಕಾಣಬಹುದು. ಭೇದವಿರುವುದು ಚುಕ್ಕಿಗಳ ಹಿಂದಿನ ಕಾರಣದಲ್ಲಿ. ಪ್ರತಿಯೊಬ್ಬ ರೋಗಿಯೂ ಇನ್ನಿಬ್ಬರಿಗೆ ಅಂಟಿಸುವವರೆಗೆ ಬೆಳವಣಿಗೆ ತನ್ನನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಊರಿನ ಬೆಳವಣಿಗೆಗಾದರೋ ಜಾಗ, ನೀರು, ಕೂಲಿ, ಬಾಡಿಗೆಗಳು ಹೆಜ್ಜೆಹೆಜ್ಜೆಗೂ ಕಡಿವಾಣ ಹಾಕುತ್ತವೆ. ಆದ್ದರಿಂದ ‘ಎಷ್ಟು ಏರಿತು’ ಎಂಬುದಕ್ಕಿಂತ ‘ಏರಿಸುತ್ತಿರುವುದು ಏನು, ತಡೆಯುವುದು ಏನು’ ಎಂದು ಕೇಳುವುದೇ ಮುಖ್ಯ. ಕಾರಣ ಕೇಳದೆ ಗೆರೆ ಎಳೆಯುವುದಕ್ಕೂ ಕವಡೆ ಹಾಕುವುದಕ್ಕೂ ಹೆಚ್ಚಿನ ಅಂತರವಿಲ್ಲ.

ಇನ್ನು, ಗೆರೆಯೇ ಇಲ್ಲದ ಕಡೆ ಗೆರೆ ಕಾಣುವ ದೋಷವೊಂದಿದೆ. 1926ರಲ್ಲಿ ಒಡಿಶಾದ ಬ್ರಾಹ್ಮಣೀ ನದಿಗೆ ಭಾರಿ ಪ್ರವಾಹ ಬಂತು. ನದಿಯ ಪಾತ್ರದಲ್ಲಿ ಹೂಳು ತುಂಬಿ ತಳ ಹಲವು ಅಡಿ ಮೇಲೆದ್ದಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂದು ಇಂಜಿನಿಯರುಗಳು ಅಭಿಪ್ರಾಯಪಟ್ಟರು. ವಿಷಯ ಪ್ರಶಾಂತಚಂದ್ರ ಮಹಾಲನೋಬಿಸರ ಬಳಿಗೆ ಬಂತು. ಅವರು ಸುಮಾರು ಅರವತ್ತು ವರ್ಷಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳನ್ನು ಕೂಡಿಹಾಕಿ ನೋಡಿದಾಗ ನದಿಯ ತಳ ಏರಿಯೇ ಇರಲಿಲ್ಲ. ಮೇಲ್ಭಾಗದಲ್ಲಿ ಬಿದ್ದ ಅಸಾಧಾರಣ ಮಳೆಯೇ ಪ್ರವಾಹಕ್ಕೆ ಕಾರಣವಾಗಿತ್ತು. ನೀರನ್ನು ಮೇಲೆಯೇ ತಡೆಯಬೇಕೇ ಹೊರತು ಒಡ್ಡು ಎತ್ತರಿಸಿ ಪ್ರಯೋಜನವಿರಲಿಲ್ಲ. ಕಣ್ಣೆದುರಿನ ಕೆಲವು ಕೆಟ್ಟ ವರ್ಷಗಳು ತಜ್ಞರಿಗೂ ಒಂದು ಏರುಗೆರೆಯಾಗಿ ಕಂಡಿದ್ದವು. ಅರವತ್ತು ವರ್ಷಗಳ ದಾಖಲೆ ಆ ಗೆರೆಯನ್ನು ಅಳಿಸಿತು.

ಇದೇ ದೋಷ ಮನೆಯೊಳಗೆ ಬಂದಾಗ ಹೇಗಿರುತ್ತದೆಂಬುದಕ್ಕೆ ಡೇನಿಯಲ್ ಕಾಹ್ನೆಮನ್ ಹೇಳುತ್ತಿದ್ದ ಪ್ರಸಂಗ ಪ್ರಸಿದ್ಧವಾಗಿದೆ. ಇಸ್ರೇಲಿನ ವಿಮಾನಪಡೆಯ ಶಿಕ್ಷಕರು ಅವರೊಡನೆ ವಾದಿಸಿದರಂತೆ: ‘ಚೆನ್ನಾಗಿ ಹಾರಿಸಿದ ಹುಡುಗನನ್ನು ಹೊಗಳಿದರೆ ಮರುದಿನ ಕೆಡುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮರುದಿನ ಸುಧಾರಿಸುತ್ತಾನೆ. ಆದ್ದರಿಂದ ಬೈಗುಳವೇ ಮೇಲು.’ ನಿಜಸಂಗತಿ ಏನೆಂದರೆ, ಒಂದು ದಿನ ತನ್ನ ಸರಾಸರಿಗಿಂತ ಬಹಳ ಚೆನ್ನಾಗಿ ಮಾಡಿದವನು ಮರುದಿನ ಸರಾಸರಿಯ ಕಡೆಗೆ ಇಳಿಯುವುದು, ಬಹಳ ಕೆಟ್ಟದಾಗಿ ಮಾಡಿದವನು ಸರಾಸರಿಯ ಕಡೆಗೆ ಏರುವುದು ಸಹಜ. ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ. ಆದರೆ ಈ ಹೊಯ್ದಾಟದಲ್ಲಿ ಗೆರೆ ಕಂಡ ಶಿಕ್ಷಕರ ಕೈಯಲ್ಲಿ ಎಷ್ಟು ಹುಡುಗರು ಸುಮ್ಮನೆ ಬೈಗುಳ ತಿಂದಿರಬಹುದು! ನಮ್ಮ ಮನೆಗಳಲ್ಲಿ ಯೂನಿಟ್ ಟೆಸ್ಟಿನ ಮೂರು ಅಂಕಗಳನ್ನು ನೋಡಿ ಏಟು ತಿಂದ ಮಕ್ಕಳ ಲೆಕ್ಕ ಯಾವ ಜನಗಣತಿಯಲ್ಲೂ ಸಿಗುವುದಿಲ್ಲ. ಇಲ್ಲಿಗೆ ಅಂಕಿಯ ಪ್ರಶ್ನೆ ಧರ್ಮದ ಪ್ರಶ್ನೆಯಾಗಿ ತಿರುಗುತ್ತದೆ. ಗೆರೆ ಎಳೆದವನು ಒಬ್ಬ, ಏಟು ತಿಂದವನು ಇನ್ನೊಬ್ಬ.

ಕುರ್ಲಾದಲ್ಲಿ ಬಾಳುವ ನಮಗೆ ಇದರ ದೊಡ್ಡ ಉದಾಹರಣೆಗಳು ಮನೆಯ ಬಾಗಿಲಲ್ಲೇ ಇವೆ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಕಾರ್ಖಾನೆ ಕುರ್ಲಾದಲ್ಲಿತ್ತು. ಎಪ್ಪತ್ತರ ದಶಕದಲ್ಲಿ ಅಲ್ಲಿಯ ಫಿಯಟ್ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಬೇಡಿಕೆಯ ಪಟ್ಟಿ ಉದ್ದವಾಗುತ್ತಲೇ ಇತ್ತು. ಇಂಥ ಕಾರ್ಖಾನೆಯಲ್ಲಿ ಮಗನಿಗೆ ಕಾಯಂ ನೌಕರಿ ಸಿಕ್ಕರೆ ಮೂರು ತಲೆಮಾರಿಗೆ ಅನ್ನವಾಯಿತೆಂದು ಒಬ್ಬ ತಂದೆ ತಿಳಿದಿದ್ದರೆ ಅದರಲ್ಲಿ ತಪ್ಪೇನು? ಗೆರೆ ಹಾಗೆಯೇ ಹೇಳುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂತು. ಆ ಉದ್ದದ ಪಟ್ಟಿ ಕಾರಿನ ಗುಣದಿಂದ ಆದದ್ದಲ್ಲ, ಬೇರೆ ಕಾರು ಮಾಡಲು ಪರವಾನಗಿ ಇಲ್ಲದ್ದರಿಂದ ಆದದ್ದೆಂದು ಆಗ ಗೊತ್ತಾಯಿತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತುಹೋಯಿತು. ಆ ಜಾಗದಲ್ಲಿ ಈಗ ವಸತಿಯ ಕಟ್ಟಡಗಳು ಎದ್ದಿವೆ. ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಆಯುಸ್ಸು ಮುಗಿಸಿ 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಏರುವ ಗೆರೆ ನೋಡಿ ಸಾಲ ಮಾಡಿ ಮನೆ ಕೊಂಡವರು ಕಾರ್ಮಿಕರು. ಗೆರೆ ಮುರಿದಾಗ ಕಂತು ಕಟ್ಟಬೇಕಾದವರೂ ಅವರೇ.

ಇನ್ನೊಂದು ಮೀಠೀ ನದಿ. ವಿಹಾರ್, ಪವಾಯಿ ಕೆರೆಗಳ ಕೋಡಿಯಿಂದ ಹೊರಟು, ಸಾಕಿನಾಕಾ, ಕುರ್ಲಾಗಳನ್ನು ಹಾದು ಮಾಹಿಮ್ ಖಾಡಿ ಸೇರುವ ಈ ನದಿಯನ್ನು ನಮ್ಮಲ್ಲಿ ಬಹಳ ಮಂದಿ ನಾಲೆಯೆಂದೇ ತಿಳಿದಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ಅಲ್ಲಿಯವರೆಗೆ ಮುಂಬಯಿಯ ದೊಡ್ಡ ದಾಖಲೆಯೆಂದರೆ 1974ರ ಜುಲೈಯಲ್ಲಿ ಕೊಲಾಬಾದಲ್ಲಿ ಬಿದ್ದ 575 ಮಿಲಿಮೀಟರ್. ಹಿಂದಿನ ಯಾವ ಗೆರೆಯನ್ನು ಎಳೆದರೂ 944 ಅದರ ಮೇಲೆ ಬರುತ್ತಿರಲಿಲ್ಲ. ಅದನ್ನು ಯಾರೂ ಊಹಿಸಲಿಲ್ಲವೆಂದು ದೂರುವುದು ನ್ಯಾಯವಲ್ಲ. ಆದರೆ ಊರಿನ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನಷ್ಟೇ, ಅದೂ ಸಮುದ್ರದಲ್ಲಿ ಇಳಿತವಿದ್ದಾಗ ಮಾತ್ರ, ಸಾಗಿಸಬಲ್ಲವು; ಅದನ್ನು 50ಕ್ಕೆ ಏರಿಸಬೇಕು ಎಂಬ ವರದಿ 1993ರಲ್ಲಿಯೇ ಸಿದ್ಧವಾಗಿತ್ತು. ಹನ್ನೆರಡು ವರ್ಷಗಳ ಕಾಲ ಅದರ ಬಹುಭಾಗ ಕಾಗದದಲ್ಲಿಯೇ ಉಳಿಯಿತು. ‘ಪ್ರತಿ ವರ್ಷ ನೀರು ನಿಲ್ಲುತ್ತದೆ, ಇಳಿಯುತ್ತದೆ’ ಎಂಬ ಸರಾಸರಿಯ ಸಮಾಧಾನ ಎಲ್ಲರನ್ನೂ ಆವರಿಸಿತ್ತು. ಸರಾಸರಿಯನ್ನು ನಂಬಿ ಕುಳಿತವರು ಮೇಲಿನ ಮಹಡಿಯವರು. ಆ ರಾತ್ರಿ ನೀರಿನಲ್ಲಿ ನಿಂತವರು ನದಿಯ ದಂಡೆಯ ಜೋಪಡಿಯವರು.

ಈ ಎರಡು ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮುಂದಿನದನ್ನು ಸರಿಯಾಗಿ ಊಹಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಊಹೆ ತಪ್ಪಿದಾಗ ಪೆಟ್ಟು ಯಾರಿಗೆ ಬೀಳಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ಎರಡು ತಪ್ಪುಗಳಲ್ಲಿ ಒಂದನ್ನು ಮಾಡಲೇಬೇಕಾದಾಗ, ನಿರ್ಬಲನಿಗೆ ಕಡಿಮೆ ನೋವಾಗುವ ತಪ್ಪನ್ನು ಆರಿಸಿಕೊಳ್ಳಬೇಕು. ಬಾರದ ಮಳೆಗಾಗಿ ದೊಡ್ಡ ಚರಂಡಿ ಕಟ್ಟಿದರೆ ಬೊಕ್ಕಸಕ್ಕೆ ನಷ್ಟ. ಬಂದ ಮಳೆಗೆ ಚಿಕ್ಕ ಚರಂಡಿಯಿದ್ದರೆ ಪ್ರಾಣಕ್ಕೆ ನಷ್ಟ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸರಾಸರಿ ತೆಗೆಯುವುದು ಗಣಿತವಾದೀತು, ನ್ಯಾಯವಾಗದು.

ಕಚೇರಿಗಳಲ್ಲಿ ಅಂದಾಜುಪಟ್ಟಿ ತಯಾರಿಸುವವರಿಗೆಲ್ಲ ಗೊತ್ತಿರುವ ಒಂದು ವಿಧಾನವಿದೆ: ಹಿಂದಿನ ಸಾಲಿನ ಅಂಕಿಗೆ ಶೇಕಡಾ ಹತ್ತು ಕೂಡಿಸಿ ಮೇಲೆ ಕಳುಹಿಸುವುದು. ಇದಕ್ಕೆ ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ಕೇಳುವವನೂ ಕೊಡುವವನೂ ಅದೇ ಗೆರೆಯನ್ನು ನೋಡುತ್ತಿರುತ್ತಾರೆ. ಅಂಕಿ ತಪ್ಪಾದರೆ ಮುಂದಿನ ವರ್ಷ ‘ಪರಿಷ್ಕೃತ ಅಂದಾಜು’ ಬರುತ್ತದೆ. ಕಾಗದಕ್ಕೆ ಪರಿಷ್ಕರಣೆಯುಂಟು, ಆ ಅಂಕಿಯನ್ನು ನಂಬಿ ನಡೆದವನ ಬಾಳಿಗೆ ಎಲ್ಲಿಯ ಪರಿಷ್ಕರಣೆ? ಅಂದಾಜಿನ ಕೆಳಗೆ ಸಹಿ ಹಾಕುವವನು, ಅದು ಸಣ್ಣ ಸಹಿಯಾದರೂ, ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಕೊನೆಯದಾಗಿ ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿಗೆ ಬರೋಣ. ಮಳೆಯ ಬಗ್ಗೆ ನಾವು ಏನೇ ಭವಿಷ್ಯ ನುಡಿದರೂ ಮಳೆ ಕೇಳಿಸಿಕೊಳ್ಳುವುದಿಲ್ಲ. ಮನುಷ್ಯರ ಬಗ್ಗೆ ನುಡಿದ ಭವಿಷ್ಯವನ್ನು ಮನುಷ್ಯರು ಕೇಳಿಸಿಕೊಳ್ಳುತ್ತಾರೆ. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ 1948ರಲ್ಲಿ ಒಂದು ಬ್ಯಾಂಕಿನ ದೃಷ್ಟಾಂತದಿಂದ ಇದನ್ನು ವಿವರಿಸಿದರು. ಗಟ್ಟಿಯಾಗಿಯೇ ಇರುವ ಬ್ಯಾಂಕು ಮುಳುಗುತ್ತದೆಂದು ಸುದ್ದಿ ಹಬ್ಬಿದರೆ ಎಲ್ಲರೂ ಓಡಿಬಂದು ಹಣ ತೆಗೆಯುತ್ತಾರೆ. ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಆಮೇಲೆ ಸುದ್ದಿ ಹಬ್ಬಿಸಿದವನು ‘ನೋಡಿದಿರಾ, ನಾನು ಹೇಳಿರಲಿಲ್ಲವೇ’ ಎನ್ನುತ್ತಾನೆ. ತನ್ನನ್ನು ತಾನೇ ನಿಜಮಾಡಿಕೊಳ್ಳುವ ಭವಿಷ್ಯ ಇದು.

ಇದಕ್ಕೆ ವಿರುದ್ಧವಾದದ್ದೂ ಉಂಟು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು, ಮುಂಬಯಿ ಹೀಗೆಯೇ ಬೆಳೆದರೆ ಉಸಿರುಗಟ್ಟುತ್ತದೆ, ಖಾಡಿಯ ಆಚೆ ಹೊಸ ನಗರ ಬೇಕು ಎಂದು ‘ಮಾರ್ಗ್’ ಪತ್ರಿಕೆಯಲ್ಲಿ ಸೂಚಿಸಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು, ನವಿಮುಂಬಯಿ ಎದ್ದಿತು. ಆರಂಭದಲ್ಲಿ ಹೇಳಿದ ಆ 226 ಲಕ್ಷ ಬಾರದೆ ಹೋದದ್ದಕ್ಕೆ ಇಂಥ ಎಚ್ಚರಿಕೆಯೂ ಒಂದು ಕಾರಣ. ಎಚ್ಚರಿಕೆಯಿಂದಾಗಿ ಸುಳ್ಳಾದ ಭವಿಷ್ಯ ಸೋತ ಭವಿಷ್ಯವಲ್ಲ, ಕೃತಾರ್ಥವಾದ ಭವಿಷ್ಯ. ಎಂದಮೇಲೆ, ಭವಿಷ್ಯ ನಿಜವಾಯಿತೇ ಎಂಬುದೊಂದೇ ಅದರ ಒರೆಗಲ್ಲಲ್ಲ. ಕೇಳಿದವರ ಕೈಗೆ ಅದು ಕೆಲಸ ಕೊಟ್ಟಿತೇ, ಇಲ್ಲವೇ ಇದ್ದ ಕೈಯನ್ನೂ ಕಟ್ಟಿಹಾಕಿತೇ ಎಂದು ಕೇಳಬೇಕು.

ಈಗ ನಮ್ಮ ಮನೆಯ ಮಾತಿಗೆ ಬರಬಹುದು. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪಾಟಿ ಹಿಡಿದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ಕಟ್ಟಿದರು. ಈ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆಂಬುದು ಸುಳ್ಳಲ್ಲ. ಗೆರೆ ಇಳಿದಿದೆ. ಅದನ್ನು ಇಲ್ಲವೆನ್ನುವುದು ಆತ್ಮವಂಚನೆ. ಆದರೆ ‘ಈ ಶಾಲೆ ಇನ್ನು ನಾಲ್ಕು ವರ್ಷದಲ್ಲಿ ಮುಚ್ಚುತ್ತದೆ’ ಎಂದು ಸಂಘದ ಸಭೆಯಲ್ಲಿ ಒಬ್ಬರು ಹಿರಿಯರು ಹೇಳಿದರೆ, ಕೇಳುತ್ತ ಕುಳಿತ ತಾಯಿ ಏನು ಮಾಡಬೇಕು? ಮುಳುಗುವ ದೋಣಿಗೆ ಯಾರು ಮಗುವನ್ನು ಹತ್ತಿಸುತ್ತಾರೆ? ಆಕೆ ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾಳೆ, ಶಾಲೆ ಮೂರೇ ವರ್ಷದಲ್ಲಿ ಮುಚ್ಚುತ್ತದೆ. ಹಿರಿಯರು ಮುಂದಿನ ಸಭೆಯಲ್ಲಿ ತಮ್ಮ ದೂರದೃಷ್ಟಿಯನ್ನು ನೆನಪಿಸುತ್ತಾರೆ.

ಇದಕ್ಕೆ ಬದಲು ಅವರು ಕಾರಣ ಕೇಳಿದ್ದರೆ? ಮನೆಗೊಂದೋ ಎರಡೋ ಮಕ್ಕಳಾದ್ದರಿಂದ ಎಷ್ಟು ಕಡಿಮೆಯಾಯಿತು? ಕುರ್ಲಾ, ಪರೇಲ ಬಿಟ್ಟು ಡೊಂಬಿವಿಲಿ, ನೆರೂಳಕ್ಕೆ ಹೋದ ಕುಟುಂಬಗಳಿಂದ ಎಷ್ಟು? ಇಂಗ್ಲಿಷ್ ಮಾಧ್ಯಮದ ಆಸೆಯಿಂದ ಎಷ್ಟು? ಮೊದಲನೆಯದಕ್ಕೆ ನಾವು ಮಾಡುವಂಥದು ಏನೂ ಇಲ್ಲ. ಎರಡನೆಯದರಲ್ಲಿ ಮಕ್ಕಳು ಇಲ್ಲವಾಗಿಲ್ಲ, ಖಾಡಿಯ ಆಚೆ ಇದ್ದಾರೆ. ಹೋಗಿ ಅಲ್ಲಿಯೇ ಭಾನುವಾರದ ಕನ್ನಡ ತರಗತಿ ತೆರೆಯಬಹುದು. ಮೂರನೆಯದಕ್ಕೆ ಇಂಗ್ಲಿಷ್ ಶಾಲೆಯ ಮಗುವಿಗೂ ಮನೆಯಲ್ಲಿ ಕನ್ನಡ ಓದುಬರಹ ಕಲಿಸುವ ದಾರಿ ಹುಡುಕಬಹುದು. ‘ಇಳಿಯುತ್ತಿದೆ’ ಎಂಬ ಒಂದೇ ಗೆರೆ ಬಿಡಿಸಿ ನೋಡಿದರೆ ಮೂರು ಗೆರೆಗಳಾಗುತ್ತವೆ, ಅವುಗಳಲ್ಲಿ ಎರಡು ನಮ್ಮ ಕೈಗೆ ಸಿಗುತ್ತವೆ. ಅಂಕಿಗೆ ಬೆನ್ನು ತಿರುಗಿಸುವುದು ಧೈರ್ಯವಲ್ಲ. ಅಂಕಿಗೆ ಶರಣಾಗುವುದು ವಿವೇಕವಲ್ಲ. ಅಂಕಿಯನ್ನು ಬಿಡಿಸಿ ನೋಡುವುದು ನಮ್ಮಂಥ ಸಾಮಾನ್ಯರಿಗೂ ಸಾಧ್ಯವಾದ ಕೆಲಸ.

ಹೀಗೆ ವಿಚಾರಿಸಿದರೆ, ಗೆರೆ ಎಳೆಯುವವರಿಗೆ ಕೆಲವು ಕಟ್ಟುಪಾಡುಗಳು ತಾವಾಗಿ ಹೊಳೆಯುತ್ತವೆ. ಎಷ್ಟು ವರ್ಷಗಳ ಅಂಕಿ ನೋಡಿ ಮಾತಾಡುತ್ತಿದ್ದೇವೆಂದು ಮೊದಲೇ ಹೇಳಬೇಕು. ಮೂರು ವರ್ಷದ ಅಂಕಿಯಿಂದ ಮೂವತ್ತು ವರ್ಷದ ಮಾತಾಡಬಾರದು. ಅಂಕಿಯನ್ನು ಏರಿಸುವ, ಇಳಿಸುವ ಕಾರಣ ತಿಳಿಯದಿದ್ದರೆ ‘ತಿಳಿಯದು’ ಎನ್ನಲು ನಾಚಬಾರದು. ಒಂದೇ ಅಂಕಿ ಹೇಳದೆ, ಇಷ್ಟರಿಂದ ಇಷ್ಟರವರೆಗೆ ಆಗಬಹುದೆಂದು ಎರಡು ತುದಿಗಳನ್ನೂ ತೋರಿಸಬೇಕು. ಹೇಳಿದ್ದನ್ನು ಬರೆದಿಟ್ಟು, ಕಾಲ ಬಂದಾಗ ತೆರೆದು ನೋಡಬೇಕು. ಜ್ಯೋತಿಷಿಗೂ ನಮಗೂ ವ್ಯತ್ಯಾಸ ಕಾಣಬೇಕಾದದ್ದು ಈ ಒಂದು ಅಭ್ಯಾಸದಲ್ಲಿ. ಮನುಷ್ಯರ ಬಗ್ಗೆ, ಅದರಲ್ಲೂ ಮಕ್ಕಳ ಬಗ್ಗೆ ನುಡಿಯುವಾಗ, ನಮ್ಮ ಮಾತೇ ಮುಂದಿನ ಚುಕ್ಕಿಯನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆಂಬುದನ್ನು ಮರೆಯಬಾರದು.

ಕಾಲ ಯಾರ ಗೆರೆಯನ್ನೂ ಹಿಡಿದು ನಡೆಯುವುದಿಲ್ಲ. ಹಾಗೆಂದು ಗೆರೆ ಎಳೆಯದೆ ಬದುಕಲೂ ಬಾರದು. ಬಿತ್ತುವವನು ಮಳೆಯನ್ನು ಊಹಿಸಲೇಬೇಕು, ಮಗುವನ್ನು ಶಾಲೆಗೆ ಸೇರಿಸುವವರು ಹದಿನೈದು ವರ್ಷ ಮುಂದಿನ ಲೋಕವನ್ನು ಊಹಿಸಲೇಬೇಕು. ಊಹೆ ತಪ್ಪುವುದು ಪಾಪವಲ್ಲ. ಇನ್ನೊಬ್ಬರ ಬಾಳಿನ ಮೇಲೆ ಗೆರೆ ಎಳೆದು, ಅದು ಎಲ್ಲಿ ಹಾದುಹೋಯಿತೆಂದು ತಿರುಗಿಯೂ ನೋಡದಿರುವುದು ಮಾತ್ರ ಕ್ಷಮೆಗೆ ಅರ್ಹವಲ್ಲ. ಮುಂದಿನ ಸಭೆಯಲ್ಲಿ ಯಾರಾದರೂ ‘ಇನ್ನು ಇಷ್ಟೇ’ ಎಂದಾಗ, ಎಷ್ಟು ವರ್ಷದ ಲೆಕ್ಕ, ಏನು ಕಾರಣ, ನಾವೇನು ಮಾಡಬಹುದು ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳೋಣ. ಉತ್ತರ ಸಿಕ್ಕದಿದ್ದರೂ ಚಿಂತೆಯಿಲ್ಲ, ಕೇಳಿದವರಲ್ಲಿ ನಾಲ್ಕು ಜನ ಕೆಲಸಕ್ಕೆ ಏಳಬಹುದು.